ಇಲ್ಲ ಅನ್ನುವವನ ಒಳಗಿದ್ದವನು

ಮಾರ್ಚ್ ೪, ಸೋಮವಾರ, ಸಂಜೆ

ಕನ್ನಡಕದ ಅಂಗಡಿಗೆ ಇವತ್ತು ಬಂದವರೆಲ್ಲ 'ನನಗೇನೂ ಆಗಿಲ್ಲ' ಗಿರಾಕಿಗಳೇ. ಅದರಲ್ಲೊಬ್ಬರು ರಿಟೈರ್ಡ್ ಹೆಡ್‌ಮಾಸ್ಟರ್. ಕುರ್ಚಿಯಲ್ಲಿ ಕೂರಿಸಿ ಗೋಡೆಯ ಮೇಲಿನ ಅಕ್ಷರ ಓದಿಸಿದೆ. ಮೇಲಿನ ಸಾಲುಗಳನ್ನು ಗಡಗಡ ಓದಿದರು. ನಡುವೆ ಬಂದು ಗಾಡಿ ನಿಂತಿತು.

"ಕಾಣ್ತಾ ಇಲ್ವಾ ಸರ್?"

"ಕಾಣದೆ ಏನು? ನಿಮ್ಮ ಬೋರ್ಡು ಹಳೇದಾಗಿದೆ. ಮೊದಲು ಬಲ್ಬ್ ಬದಲಾಯಿಸಿ."

ಹಿಂದೆ ನಿಂತ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಚೌಕಟ್ಟಿಗೆ ಲೆನ್ಸ್ ಹಾಕಿ ಮೂಗಿನ ಮೇಲೆ ಕೂರಿಸಿದೆ. ಮಾತು ನಿಂತಿತು. ಬೋರ್ಡ್ ನೋಡಲಿಲ್ಲ. ಮಗಳ ಕಡೆ ತಿರುಗಿ, "ನೀನು ಯಾವಾಗ ಇಷ್ಟು ಸೊರಗಿದೆ?" ಅಂದರು.

ಹುಡುಗಿಯ ನಗುವೂ ನಿಂತಿತು.

ಮನೆಗೆ ಬಂದರೆ ಇವರು ಸೋಫಾದಲ್ಲಿ ಎಡಗೈ ಒದರುತ್ತಾ ಕೂತಿದ್ದರು. ಜೋಮಂತೆ. ಒಂದೇ ಮಗ್ಗುಲಲ್ಲಿ ಮಲಗಿದ್ದಕ್ಕಂತೆ. ಡಾಕ್ಟರಿಗೆ ತೋರಿಸೋಣ ಅಂದೆ.

"ನೀನು ಕಣ್ಣು ನೋಡ್ಕೋ, ಲೆನ್ಸು. ಕೈ ನನಗೆ ಬಿಡು."

ನನ್ನ ಗಂಡ, ಈಜುಕೊಳದ ಕೋಚ್. ಮಕ್ಕಳಿಗೆ ಕೂಗಿ ಕೂಗಿ ಗಂಟಲು ಹರಿದುಕೊಂಡ ಮನುಷ್ಯ. ಮನೆಯಲ್ಲಿ ನನ್ನೊಬ್ಬಳನ್ನು 'ಲೆನ್ಸು' ಅಂತ ಕರೆಯುವುದಕ್ಕೂ ಅದೇ ಗಂಟಲು.

ಮಾರ್ಚ್ ೯, ಶನಿವಾರ. ಆಸ್ಪತ್ರೆ

ಬುಧವಾರ ಕೊಳದ ಪಕ್ಕದಲ್ಲೇ ಬಿದ್ದರು. ಬಾಯಲ್ಲಿ ಸೀಟಿ ಇತ್ತಂತೆ. ನೀರಿಗೆ ಬೀಳಲಿಲ್ಲ ಅನ್ನುವುದೊಂದೇ...

ಸ್ಟ್ರೋಕ್. ಮೆದುಳಿನ ಬಲಗಡೆ. ಎಡಗೈ, ಎಡಗಾಲು ಎರಡೂ ಸ್ವಾಧೀನದಲ್ಲಿಲ್ಲ. ಜೀವಕ್ಕೆ ಭಯವಿಲ್ಲ ಅಂದಿದ್ದಾರೆ. ಅಷ್ಟು ಬರೆಯುವುದಕ್ಕೇ ಈ ಪುಸ್ತಕ ಬ್ಯಾಗಿನಿಂದ ತೆಗೆದೆ. ಬರೆದಾಯಿತು. ಮುಂದಕ್ಕೆ ಕೈ ಹೋಗುತ್ತಿಲ್ಲ.

ಮಾರ್ಚ್ ೧೦, ಭಾನುವಾರ, ಮಧ್ಯಾಹ್ನ

ವಿಚಿತ್ರ. ಮಾತು ಸ್ಪಷ್ಟ, ನೆನಪು ಚೊಕ್ಕ. ಯಾವ ಹುಡುಗಿ ಯಾವ ಲೇನ್‌ನಲ್ಲಿ ಉಸಿರು ತಪ್ಪುತ್ತಾಳೆ, ಎಲ್ಲ ಬಾಯಿಪಾಠ. ಎಡಗೈ ಮಾತ್ರ ಹೊದಿಕೆಯ ಮೇಲೆ ಯಾರೋ ಮರೆತುಹೋದ ಕೈಚೀಲದ ಹಾಗೆ ಬಿದ್ದಿದೆ. ಇವರಿಗೆ ಅದು ಗೊತ್ತೇ ಇಲ್ಲ.

"ಕೈ ಹೇಗಿದೆ?" ಅಂತ ಡಾಕ್ಟರ್ ಕೇಳಿದರು. ಪುಟ್ಟ ಹೆಂಗಸು. ಕತ್ತು ಚಕಚಕ ತಿರುಗಿಸುತ್ತಾರೆ. ಗುಬ್ಬಿ ಡಾಕ್ಟರ್ ಅಂತ ಇವರೇ ಹೆಸರಿಟ್ಟಾಗಿದೆ.

"ಫಸ್ಟ್ ಕ್ಲಾಸ್."

"ಎಡಗೈ ಎತ್ತಿ ನೋಡೋಣ."

ಕೈ ಮಿಸುಕಲಿಲ್ಲ. ಇವರು ಡಾಕ್ಟರನ್ನೇ ನೋಡಿದರು, ಪಾಠ ಒಪ್ಪಿಸಿದ ಹುಡುಗನ ಹಾಗೆ.

"ಎತ್ತಿದ್ರಾ?"

"ಎತ್ತಿದೆನಲ್ಲ. ಇನ್ನೂ ಎಷ್ಟು ಎತ್ತಲಿ, ಸೂರಿಗೆ ತಗಲೋ ಹಾಗಾ?"

ತಮಾಷೆ ಅಂದುಕೊಂಡೆ. ಮುಖ ನೋಡಿದೆ. ಮದುವೆಯಾದಾಗಿನಿಂದ ಈ ಮುಖದ ಸುಳ್ಳುಗಳೆಲ್ಲ ನನಗೆ ಗೊತ್ತು. ಇದು ಸುಳ್ಳಲ್ಲ. ಇವರಿಗೆ ನಿಜವಾಗಿಯೂ ಕೈ ಮೇಲೆದ್ದದ್ದು ಕಂಡಿದೆ.



ಮಾರ್ಚ್ ೧೨, ಮಂಗಳವಾರ, ಸಂಜೆ

ನಾದಿನಿ ಬಂದಳು. ಕೋರ್ಟ್ ಮುಗಿಸಿ, ಕರೀ ಕೋಟಿನಲ್ಲೇ. ವಿಷಯ ಹೇಳಿದರೆ ನಂಬಲಿಲ್ಲ.

"ಹಟ ಅತ್ತಿಗೆ, ಬರೀ ಹಟ. ಚಿಕ್ಕಂದಿನಿಂದ ಅಣ್ಣ ಹೀಗೇ. ಜ್ವರ ಬಂದ್ರೆ ಬಿಸಿಲು ಜಾಸ್ತಿ ಅಂತಿದ್ದ. ಇರಿ, ನಾನು ವಿಚಾರಿಸ್ತೀನಿ."

ಕುರ್ಚಿ ಎಳೆದುಕೊಂಡು ಪಾಟೀಸವಾಲಿಗೆ ಕೂತೇಬಿಟ್ಟಳು. ಹೊದಿಕೆಯ ಮೇಲಿದ್ದ ಎಡಗೈ ಎತ್ತಿ ಇವರ ಮುಖದ ಮುಂದೆ ಹಿಡಿದಳು.

"ಇದು ಯಾರ ಕೈ?"

ಇವರು ಚೆನ್ನಾಗಿ ಪರೀಕ್ಷೆ ಮಾಡಿದರು. "ನಿಂದು."

"ನಂದಾ? ನನ್ನ ಎರಡು ಕೈ ಇಲ್ಲಿವೆ. ಹಾಗಾದ್ರೆ ನನಗೆ ಮೂರು ಕೈಯಾ?"

"ಲಾಯರ್‌ಗೆ ಮೂರೇನು, ನಾಲ್ಕೂ ಇರುತ್ತೆ."

ಪಕ್ಕದ ಹಾಸಿಗೆಯವರು ಕಿಸಕ್ಕನೆ ನಕ್ಕರು. ನಾದಿನಿ ಬಿಡಲಿಲ್ಲ. ಉಂಗುರ ತೋರಿಸಿದಳು. ಇದು ನಿನ್ನ ಮದುವೆ ಉಂಗುರ ತಾನೇ? ಹೌದು. ಯಾರ ಬೆರಳಲ್ಲಿದೆ? ನೀನೇ ಹಾಕ್ಕೊಂಡಿದ್ದೀಯ, ಅತ್ತಿಗೆಗೆ ವಾಪಸ್ ಕೊಡು. ಹಾಗಾದರೆ ನಿನ್ನ ಎಡಗೈ ಎಲ್ಲಿ? ಇದೆ. ಎಲ್ಲಿ ಇದೆ? ಎಲ್ಲಿರಬೇಕೋ ಅಲ್ಲಿ.

ಎಷ್ಟೋ ಕೇಸು ಗೆದ್ದವಳು. ಆ ಕೈಯನ್ನು ಮೆಲ್ಲಗೆ ಹೊದಿಕೆಯ ಮೇಲೆ ವಾಪಸ್ ಇಟ್ಟಳು. ಹೊರಗೆ ಕರೆದುಕೊಂಡು ಬಂದೆ. ವರಾಂಡದಲ್ಲಿ ಗೋಡೆಗೆ ಒರಗಿ ಅತ್ತಳು.

"ಕೋರ್ಟಲ್ಲಿ ನಾವು ದಿನಾ ಬರೆಯೋ ಮಾತು ಅತ್ತಿಗೆ. 'ಆರೋಪಗಳನ್ನು ಸಂಪೂರ್ಣವಾಗಿ ಅಲ್ಲಗಳೆಯಲಾಗಿದೆ.' ಬರೆಯೋವಾಗ ಒಳಗೆ ಗೊತ್ತಿರುತ್ತೆ, ಯಾವುದು ನಿಜ, ಯಾವುದು ಸುಳ್ಳು ಅಂತ. ಅಣ್ಣನ ಕಣ್ಣಲ್ಲಿ ಆ 'ಗೊತ್ತು' ಅನ್ನೋದೇ ಇಲ್ಲ."

ಆಮೇಲೆ ನನ್ನ ಪಾದ ನೋಡಿದಳು.

"ಬೇರೆ ಬೇರೆ ಚಪ್ಪಲಿ ಹಾಕಿದ್ದೀರ."

"ಇಲ್ಲಪ್ಪ," ಅಂದೆ. ಕೆಳಗೆ ನೋಡದೆಯೇ.

ನೋಡಿದೆ. ಒಂದು ಕಂದು, ಒಂದು ಕಪ್ಪು. ಯಾವತ್ತಿನಿಂದ ಹೀಗೇ ಓಡಾಡುತ್ತಿದ್ದೇನೋ.

ಮಾರ್ಚ್ ೧೩, ಬುಧವಾರ, ಬೆಳಿಗ್ಗೆ

ಡಾಕ್ಟರ್ ಇದಕ್ಕೆ ಡಿನಯಲ್ ಅಂದರು. ಇಲ್ಲ ಅನ್ನುವುದು. "ಸಾಮಾನ್ಯವಾಗಿ ನಾವು ಹೇಳೋ ಡಿನಯಲ್ ಅಲ್ಲ ಇದು. ಮನಸ್ಸಿಗೆ ನೋವಾಗಬಾರದು ಅಂತ ಮುಚ್ಚಿಡೋದಲ್ಲ. ಪೆಟ್ಟು ಬಿದ್ದಿರೋದು ಕೈಗೆ ಮಾತ್ರ ಅಲ್ಲ, ಕೈ ಹೋಗಿದೆ ಅಂತ ಹೇಳೋ ಜಾಗಕ್ಕೂ ಬಿದ್ದಿದೆ. ಸುದ್ದಿ ತರೋನೇ ಸತ್ತರೆ ಅರಮನೆಗೆ ಏನು ಗೊತ್ತಾಗುತ್ತೆ?"

ಕೂತು ಯೋಚಿಸಿದೆ. ನಮ್ಮ ಬಾಯಲ್ಲಿ ಇದಕ್ಕೆ ಎಷ್ಟು ಮಾತು! ಇಲ್ಲ. ಅಲ್ಲ. ಬೇಡ. ಒಲ್ಲೆ. ಕೂಡದು. ಒಂದೊಂದರ ಮುಖ ಒಂದೊಂದು ಥರ. ನೋವು ಇಲ್ಲ. ಈ ಕೈ ನಂದಲ್ಲ. ಮಾತ್ರೆ ಬೇಡ. ಬೆಳಗಿನಿಂದ ಇವರು ಎಲ್ಲವನ್ನೂ ಆಡಿ ಮುಗಿಸಿದರು. ನಾದಿನಿಯ ಪದ ಎಲ್ಲಕ್ಕಿಂತ ಭಯಂಕರ. ಅಲ್ಲಗಳೆಯುವುದು. ಅಲ್ಲ ಅಂದು ಕಳೆದುಬಿಡುವುದು. ಒಂದು ಇಡೀ ತೋಳನ್ನು, ಹೆಗಲಿಂದ ಉಗುರಿನವರೆಗೆ, ಒಂದೇ ಮಾತಿನಲ್ಲಿ.

ಮಕ್ಕಳ ತಾಯಂದಿರು ಫೋನ್ ಮಾಡುತ್ತಲೇ ಇದ್ದಾರೆ. "ಸ್ವಲ್ಪ ಸುಸ್ತು ಅಷ್ಟೆ, ಬೇಗ ಬರ್ತಾರೆ," ಅನ್ನುತ್ತಿದ್ದೇನೆ. ನನ್ನ ಮೆದುಳಿಗೆ ಯಾವ ಪೆಟ್ಟೂ ಬಿದ್ದಿಲ್ಲ.

ಡಾಕ್ಟರ್ ಹೋಗುವಾಗ ಕೇಳಿದರು, "ನೀವು ಹೇಗಿದ್ದೀರಿ?"

"ನನಗೇನು, ಚೆನ್ನಾಗಿದ್ದೀನಿ."

ಕತ್ತು ಓರೆ ಮಾಡಿ ಒಂದು ಗಳಿಗೆ ನೋಡಿದರು. ಇವರನ್ನು ನೋಡಿದ ಹಾಗೆಯೇ.

ಮಾರ್ಚ್ ೧೪, ಗುರುವಾರ, ಸಂಜೆ

 ಆದದ್ದನ್ನು ಆದ ಹಾಗೇ ಬರೆಯಬೇಕು. ಇಲ್ಲದಿದ್ದರೆ ನಾಳೆ ನಾನೇ ನಂಬಲಿಕ್ಕಿಲ್ಲ.

ಬೆಳಿಗ್ಗೆ ಡಾಕ್ಟರ್ ಪಕ್ಕಕ್ಕೆ ಕರೆದರು. ಎಡಕಿವಿಗೆ ತಣ್ಣೀರು ಬಿಡುವ ಒಂದು ಪರೀಕ್ಷೆ ಇದೆಯಂತೆ. ಕಿವಿಯ ಒಳಗೆ ಮೈಯ ಸಮತೋಲ ನೋಡಿಕೊಳ್ಳುವ ಭಾಗವಿದೆ. ಅದು ಬೆಚ್ಚಿದರೆ ಮೆದುಳಿನ ಮಲಗಿದ ಜಾಗ ಕೆಲವರಲ್ಲಿ ಸ್ವಲ್ಪ ಹೊತ್ತು ಎಚ್ಚರವಾಗುತ್ತದೆ. ಎಲ್ಲರಲ್ಲೂ ಅಲ್ಲ.

"ಇದು ಚಿಕಿತ್ಸೆ ಅಲ್ಲ, ಮೊದಲೇ ಹೇಳ್ತೀನಿ. ಎಚ್ಚರ ಆದ್ರೂ ಮತ್ತೆ ಹೋಗುತ್ತೆ. ಮಾಡಲಾ?"

ತಕ್ಷಣ ಹೂಂ ಅನ್ನಲಾಗಲಿಲ್ಲ. ಸುಖವಾಗಿ ಇಲ್ಲ ಅಂದುಕೊಂಡಿರುವ ಮನುಷ್ಯ. ಎಬ್ಬಿಸಿ, ನಿನ್ನ ಅರ್ಧ ಮೈ ಹೋಗಿದೆ ಅಂತ ತೋರಿಸಿ, ಮತ್ತೆ ಮಲಗಿಸುವುದು — ಯಾವ ನ್ಯಾಯ? ಆದರೂ ಒಳಗೆ ಒಂದು ಆಸೆ. ಇವರನ್ನು ನೋಡಬೇಕು. ಆ ನಗುವ ಮನುಷ್ಯನನ್ನಲ್ಲ. ಇವರನ್ನು.

ಇವರನ್ನೇ ಕೇಳಿದೆ. "ಕಿವಿಗೆ ನೀರಾ? ದಿನಾ ಹೋಗ್ತಿತ್ತಲ್ಲ. ಹಾಕ್ಲಿ," ಅಂದರು.

ಹಾಸಿಗೆಯ ತಲೆಭಾಗ ಸ್ವಲ್ಪ ಎತ್ತರಿಸಿದರು. ನರ್ಸ್ ಕಿವಿಯ ಕೆಳಗೆ ಬಟ್ಟಲು ಹಿಡಿದಳು. ಡಾಕ್ಟರ್ ಸಿರಿಂಜಿನಿಂದ ನಿಧಾನವಾಗಿ ನೀರು ಬಿಟ್ಟರು. ಇವರು ಮುಖ ಕಿವುಚಿದರು. ಕಣ್ಣುಗುಡ್ಡೆ ಎಡಕ್ಕೆ ಜಾರಿತು, ತಿರುಗಿ ಬಂತು, ಮತ್ತೆ ಜಾರಿತು. ದಿನವೂ ಕಣ್ಣು ನೋಡುವವಳು ನಾನು. ಇಂಥದ್ದು ನೋಡಿರಲಿಲ್ಲ. ಯಾರೋ ಒಳಗಿನಿಂದ ಹಗ್ಗ ಕಟ್ಟಿ ಎಳೆಯುತ್ತಿದ್ದ ಹಾಗೆ.

"ಕೈ ಹೇಗಿದೆ?" ಡಾಕ್ಟರ್ ಕೇಳಿದರು.

ಫಸ್ಟ್ ಕ್ಲಾಸ್ ಬರಲಿಲ್ಲ.

"ಬರ್ತಿಲ್ಲ," ಅಂದರು. ಧ್ವನಿಯೇ ಬೇರೆ. ತಗ್ಗಿದ ಧ್ವನಿ.

"ಯಾವಾಗಿಂದ?"

"ಬಿದ್ದ ದಿನದಿಂದ. ಕಾಲೂ ಬರ್ತಿಲ್ಲ."

ನರ್ಸಿನ ಬಟ್ಟಲು ಅಲುಗಿತು. ಡಾಕ್ಟರ್ ಎದ್ದು ನನಗೆ ಕುರ್ಚಿ ಬಿಟ್ಟರು. "ಮಾತಾಡಿ. ಹೆಚ್ಚು ಹೊತ್ತಿಲ್ಲ."

ಏನು ಮಾತಾಡಲಿ? ಇವರೇ ಶುರು ಮಾಡಿದರು.

"ತಂಗಿ ಜಗಳ ಆಡಿದ್ಲಲ್ಲ ಮೊನ್ನೆ. ಅವಳು ಹೇಳಿದ್ದೇ ಸರಿ. ಉಂಗುರ ನನ್ನ ಬೆರಳಲ್ಲೇ ಇದೆ."

"ಅವತ್ತೇ ಗೊತ್ತಿತ್ತಾ ನಿಮಗೆ?"

ಯೋಚಿಸಿದರು. ಹಣೆ ಗಂಟಾಯಿತು.

"ಗೊತ್ತಿತ್ತು. ಆದ್ರೆ... ಗೊತ್ತಿತ್ತು ಅನ್ನೋದು ಗೊತ್ತಿರಲಿಲ್ಲ."

 ಅಂದರೆ ಇಷ್ಟು ದಿನವೂ ಒಳಗೆ ಒಬ್ಬರು ಕೂತಿದ್ದಾರೆ. ಎಲ್ಲವನ್ನೂ ನೋಡುತ್ತಾ, ಕೇಳುತ್ತಾ, ಜೋಡಿಸಿಡುತ್ತಾ. ಇಲ್ಲ, ಇಲ್ಲ ಅಂತ ಹೊರಗೆ ನಗುವವನ ಬೆನ್ನ ಹಿಂದೆ.

"ಇದು ಎಷ್ಟು ಹೊತ್ತಿರುತ್ತೆ ಡಾಕ್ಟ್ರೇ?"

ಡಾಕ್ಟರ್ ಮುಚ್ಚಿಡಲಿಲ್ಲ. "ಸ್ವಲ್ಪ ಹೊತ್ತು. ಆಮೇಲೆ ಮತ್ತೆ ಕೈ ಸರಿಯಿದೆ ಅಂತೀರಿ."

ಇವರು ನನ್ನ ಮಣಿಕಟ್ಟು ಹಿಡಿದರು. ಬಲಗೈಯಿಂದ. ಬಿಗಿಯಾಗಿ.

"ಲೆನ್ಸು, ಕೇಳು. ನಾನು ಪೂಲ್‌ಗೆ ಹೋಗ್ತೀನಿ ಅಂತ ಕೂತ್ಕೋತೀನಿ. ಕೂಗಾಡ್ತೀನಿ. ಬಯ್ತೀನಿ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಬಿಡಬೇಡ. ನೀರಿಗಿಳಿದ್ರೆ ಹೋಗೇಬಿಡ್ತೀನಿ, ಹೋಗ್ತಾ ಇದ್ದೀನಿ ಅಂತಾನೂ ಗೊತ್ತಾಗಲ್ಲ ನನಗೆ. ಅವನ ಮಾತು ಕೇಳಬೇಡ. ನನ್ನ ಮಾತು ಕೇಳು."

"ಆಯ್ತು."

"ಚಪ್ಪಲಿ ಸರಿಯಾಗಿ ಹಾಕ್ಕೋ. ಎಡವಿ ಬಿದ್ದೀಯ."

ಅದೂ ಗೊತ್ತಿತ್ತೇ!

ಆಮೇಲೆ ಹೇಳಿದ್ದನ್ನು ಬರೆಯುವುದಕ್ಕೆ ನಾಚಿಕೆ. ಬರೆಯುತ್ತೇನೆ. "ಕೈಕಾಲು ಬಡಿಯೋ ಮಕ್ಕಳಿಗೆಲ್ಲ ಶಭಾಷ್ ಅಂತೀನಿ. ನಿನಗೆ ಒಂದು ದಿನವೂ ಅಂದಿಲ್ಲ ಅಲ್ವಾ? ಶಭಾಷ್ ಕಣೆ."

ಅಳಬಾರದು, ಹೊತ್ತಿಲ್ಲ ಅಂತ ತುಟಿ ಕಚ್ಚಿಕೊಂಡೆ. ಕಚ್ಚಿಕೊಂಡು ನೋಡುತ್ತಿದ್ದ ಹಾಗೆಯೇ ಆ ಕಣ್ಣು ನಿಧಾನವಾಗಿ ನೆಲೆಗೆ ನಿಂತಿತು. ಹಣೆಯ ಗಂಟು ಬಿಚ್ಚಿತು. ಹಿಡಿತ ಸಡಿಲವಾಯಿತು.

"ಕೈ ಹೇಗಿದೆ?" ಡಾಕ್ಟರ್.

"ಫಸ್ಟ್ ಕ್ಲಾಸ್."

"ಈಗಷ್ಟೇ ಏನು ಹೇಳಿದ್ರಿ, ನೆನಪಿದೆಯಾ?"

"ನೀರು ತಣ್ಣಗಿದೆ ಅಂದೆ. ಯಾಕೆ, ಇವಳು ಯಾಕೆ ಅಳ್ತಿದ್ದಾಳೆ?"

ವರಾಂಡಕ್ಕೆ ಬಂದೆ. ಜನ ಓಡಾಡುತ್ತಿದ್ದರು. ಟೀ ಹಿಡಿದವರು, ಫೈಲ್ ಹಿಡಿದವರು, ಜಗಳವಾಡುತ್ತಿದ್ದವರು. ಒಬ್ಬೊಬ್ಬರ ತಲೆಯನ್ನೂ ನೋಡುತ್ತಾ ನಿಂತೆ. ಇಷ್ಟು ಗಾತ್ರದ ಬುರುಡೆ. ಅದರೊಳಗೆ ಬಾಗಿಲು ಎಷ್ಟಿವೆಯೋ, ಯಾವ ಬಾಗಿಲ ಹಿಂದೆ ಯಾರು ಕೂತು ನಮ್ಮ ಮಾತು ಕೇಳಿಸಿಕೊಳ್ಳುತ್ತಿದ್ದಾರೋ. ದೊಡ್ಡ ಕಣಿವೆಯ ಅಂಚಿನಲ್ಲಿ ನಿಂತವಳ ಹಾಗೆ ಗೋಡೆ ಹಿಡಿದುಕೊಂಡೆ. ಹೆದರಿಕೆಯಲ್ಲ. ಏನೋ ಗೊತ್ತಿಲ್ಲ.

ಮಾರ್ಚ್ ೨೩, ಶನಿವಾರ. ಮನೆ

ಮಂಗಳವಾರ ಮನೆಗೆ ಕರೆತಂದೆವು. ಇವತ್ತು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ, ದಡ್ ಅಂತ ಸದ್ದು. ಓಡಿ ಬಂದರೆ ಮಂಚದಿಂದ ಕೆಳಗೆ ಬಿದ್ದಿದ್ದಾರೆ. ಕೊರಳಲ್ಲಿ ಸೀಟಿ. ಶರ್ಟಿಗೆ ಒಂದೇ ತೋಳು ಹಾಕಿದ್ದಾರೆ. ಇನ್ನೊಂದು ತೋಳು ಖಾಲಿ ನೇತಾಡುತ್ತಿದೆ.

"ಎಲ್ಲಿಗೆ ಹೊರಟಿದ್ರಿ?"

"ಎಲ್ಲಿಗೆ ಅಂದ್ರೆ? ಬೆಳಗಿನ ಬ್ಯಾಚ್ ಕಾಯ್ತಿರುತ್ತೆ. ಈ ನೆಲ ಯಾಕೆ ಇಷ್ಟು ಜಾರುತ್ತೆ, ಒರೆಸಿದ್ಯಾ?"

ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ಬರುವವರೆಗೆ ಎತ್ತಲಾಗಲಿಲ್ಲ. ನೆಲದ ಮೇಲೆ ಪಕ್ಕದಲ್ಲೇ ಕೂತೆ. ಆಮೇಲೆ ಕೋಣೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿಸಿದೆ. ಅದು ಗೊತ್ತಾದ ಮೇಲೆ ಸಂಜೆಯವರೆಗೆ ಒಂದೇ ಸಮ ಜಗಳ. ನೀನು ಜೈಲರ್. ನಿನಗೆ ನನ್ನ ಕೆಲಸ ಕಂಡರೆ ಮೊದಲಿಂದ ಹೊಟ್ಟೆಕಿಚ್ಚು. ಮಕ್ಕಳ ಎದುರು ನನ್ನ ಮರ್ಯಾದೆ ಕಳೀತಿದ್ದೀಯ. ಕೊನೆಗೆ ಬೇಡುವುದು. ಅದೇ ಕಷ್ಟ. ಬಯ್ಗುಳಕ್ಕೆ ಬೆನ್ನು ಕೊಡಬಹುದು.

"ಒಂದ್ಸಲ ಲೆನ್ಸು. ದಡದಲ್ಲಿ ನಿಂತು ನೋಡಿ ಬರ್ತೀನಿ. ಅಷ್ಟೂ ಇಲ್ವಾ?"

"ಇಲ್ಲ."

"ಯಾರು ಹೇಳಿದ್ದು ಬೇಡ ಅಂತ? ಆ ಗುಬ್ಬೀನಾ?"

"ನೀವೇ ಹೇಳಿದ್ದು."

"ನಾನಾ? ಯಾವಾಗ?" ನಿಜವಾದ ಆಶ್ಚರ್ಯ ಆ ಮುಖದಲ್ಲಿ. ಎಷ್ಟು ಮುಗ್ಧ ಆಶ್ಚರ್ಯ ಅಂದರೆ ನಾನೇ ಕನಸು ಕಂಡೆನೇನೋ ಅನ್ನಿಸಿತು. ಒಳಬಂದು ಹದಿನಾಲ್ಕನೇ ತಾರೀಕಿನದನ್ನು ಓದಿಕೊಂಡೆ. ಕನಸಲ್ಲ.

ಮತ್ತೆ ಹೋಗಿ ಇಲ್ಲ ಅಂದೆ. ಕೂಡದು ಅಂದೆ. ಇವರ ಇಲ್ಲಕ್ಕೂ ನನ್ನ ಇಲ್ಲಕ್ಕೂ ಅಕ್ಷರ ಎರಡೇ. ನನ್ನದು ಆಡುವಾಗ ನಾಲಿಗೆ ಸುಡುತ್ತದೆ, ಇವರದು ಹೂವಿನ ಹಾಗೆ ಬರುತ್ತದೆ.

ಏಪ್ರಿಲ್ ೬, ಶನಿವಾರ, ಮಧ್ಯಾಹ್ನ

ಅರ್ಧ ದಿನ ಅಂಗಡಿಗೆ ಹೋಗುತ್ತಿದ್ದೇನೆ. ಅಷ್ಟು ಹೊತ್ತು ನಾದಿನಿ ಇಲ್ಲಿ. ಕೇಸ್ ಪೇಪರು ಹರಡಿಕೊಂಡು ಕೂರುತ್ತಾಳೆ, ಅಣ್ಣನನ್ನೇ ಜಡ್ಜ್ ಮಾಡಿ ವಾದ ಒಪ್ಪಿಸುತ್ತಾಳೆ. ಪಾಟೀಸವಾಲು ಬಿಟ್ಟಿದ್ದಾಳೆ.

ಇವತ್ತು ಫಿಸಿಯೋ ಕೈ ಹಿಡಿದು ಎತ್ತಿಸುವಾಗ ಇವರು ಅಂದರು, "ಇದು ಸ್ವಲ್ಪ ಸೋಮಾರಿ ಆಗಿದೆ."

ಮೂರೂ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. 'ಇದು' ಅಂದರು. ನಿಂದು ಅನ್ನಲಿಲ್ಲ. ತಂಗಿಯದು ಅನ್ನಲಿಲ್ಲ.

ಡಾಕ್ಟರಿಗೆ ಫೋನ್ ಮಾಡಿದೆ. "ಬರ್ತಿದೆ. ಅದರ ಪಾಡಿಗೆ ಬರಲಿ. ದೂಡಬೇಡಿ," ಅಂದರು.

ಏಪ್ರಿಲ್ ೧೬, ಮಂಗಳವಾರ

ಸೋಮಾರಿ ಹೋಗಿ ಸುಸ್ತು ಆಯಿತು. ಸುಸ್ತು ಹೋಗಿ ನಿನ್ನೆ 'ಅಷ್ಟೇನೂ ಚೆನ್ನಾಗಿಲ್ಲ'. ಬೆಳಕು ಹರಿಯುವುದನ್ನು ಯಾರೂ ಇಂಥ ಗಳಿಗೆಯಲ್ಲಿ ಆಯಿತು ಅಂತ ಹೇಳಲಾರರು. ಹಾಗೆ.

ಆಸೆಯಾಗುತ್ತದೆ. ಭಯವೂ ಆಗುತ್ತದೆ. ಪೂರ್ತಿ ಬೆಳಗಾದ ಮೇಲೆ ಕಾಣುವುದೇನು ಅಂತ ನನಗೆ ಗೊತ್ತಲ್ಲ.

ಏಪ್ರಿಲ್ ೨೧, ಭಾನುವಾರ

ಸ್ನಾನ ಮಾಡಿಸಿ ಶರ್ಟ್ ಹಾಕಿದೆ. ಗುಂಡಿ ತಾನೇ ಹಾಕಿಕೊಳ್ಳುತ್ತೇನೆ ಅನ್ನುವುದು ದಿನದ ಗಲಾಟೆ. ಇವತ್ತು ಅನ್ನಲಿಲ್ಲ. ಎಡಗೈಯನ್ನು ಬಲಗೈಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಬಹಳ ಹೊತ್ತು ನೋಡಿದರು. ಬೆರಳು ಒಂದೊಂದಾಗಿ ಬಿಡಿಸಿದರು.

"ಗುಂಡಿ ನೀನೇ ಹಾಕು," ಅಂದರು. "ನನ್ನ ಕೈಲಿ ಆಗಲ್ಲ."

ಕಿವಿಗೆ ನೀರು ಬಿಟ್ಟಿಲ್ಲ. ಯಾರೂ ಕೇಳಿಲ್ಲ. ತಾನಾಗಿ.

ಗುಂಡಿ ಹಾಕಿದೆ. ಮೇಲಿನಿಂದ ಕೆಳಕ್ಕೆ. 

ಮೇ ೧೨, ಭಾನುವಾರ

ಬರೆಯುವಂಥದ್ದೇನೂ ಇರಲಿಲ್ಲ. ಗೋಡೆ ನೋಡುತ್ತಾರೆ. ಹಾಕಿದರೆ ತಿನ್ನುತ್ತಾರೆ. ಪೂಲ್ ಮಾತು ಇಲ್ಲ. ಸೀಟಿ ತಾವೇ ತೆಗೆದು ಡ್ರಾಯರ್‌ನಲ್ಲಿಟ್ಟರು. ಹೊರಗಿನ ಚಿಲಕ ತೆಗೆಸಿಬಿಟ್ಟೆ. ಯಾರಿಗೆ ಬೇಕು ಇನ್ನು?

ಒಂದೊಂದು ಸಲ ಪಾಪದ ಯೋಚನೆ ಬರುತ್ತದೆ. ಆ ನಗುವವನು ಎಲ್ಲಿ ಹೋದ? 'ಫಸ್ಟ್ ಕ್ಲಾಸ್' ಅನ್ನುತ್ತಿದ್ದವನು. ಇಡೀ ಮನೆ ಉರಿಯುತ್ತಿದ್ದಾಗ ಒಂದು ಕೋಣೆಯ ಬಾಗಿಲು ಹಾಕಿ ಇವರನ್ನು ಕಾಪಾಡಿದವನು. ಮೆದುಳಿನ ಪೆಟ್ಟು ಅಂದರು ಡಾಕ್ಟರ್. ಇರಬಹುದು. ನನಗಂತೂ ಅದು ಯಾರೋ ಹೊದಿಸಿದ ಕಂಬಳಿಯ ಹಾಗೆ ಕಾಣುತ್ತದೆ. ಚಳಿ ತಡೆಯುವಷ್ಟು ಮೈ ಗಟ್ಟಿಯಾಗುವವರೆಗೆ ಹೊದಿಸಿ, ಆಮೇಲೆ ಚೂರುಚೂರೇ ಎಳೆದುಕೊಂಡಿದ್ದಾರೆ. ಯಾರು ಎಳೆದದ್ದು? ಇವರೇ? ಇವರೊಳಗಿನ ಇನ್ಯಾರೋ?

ಮೊನ್ನೆ ಫೋನ್ ಮಾಡಿದ ಒಬ್ಬ ತಾಯಿಗೆ ನಿಜ ಹೇಳಿದೆ. ಎಡಗಡೆ ಪೂರ್ತಿ ಹೋಗಿದೆ, ಮೊದಲಿನ ಹಾಗೆ ಬರಲ್ಲ ಅಂತ. ಹೇಳಿ ಅಡುಗೆಮನೆ ನೆಲದಲ್ಲಿ ಕೂತು ಹೊಟ್ಟೆತುಂಬ ಅತ್ತೆ.

ಜೂನ್ ೨, ಭಾನುವಾರ, ಬೆಳಿಗ್ಗೆ

ಇವತ್ತು ಇವರೇ ಕೇಳಿದರು. ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂರಿಸಿದ್ದೆ. ಟೀ ಬಲಗೈಯಲ್ಲಿ.

"ಆಸ್ಪತ್ರೇಲಿ ನಾನು ಏನೇನೋ ಅಂತಿದ್ನಂತೆ. ತಂಗಿ ಹೇಳಿದ್ಲು. ಏನಂತಿದ್ದೆ?"

ಹೇಳಲೋ ಬೇಡವೋ... ಹೇಳಿದೆ. ಸೂರಿಗೆ ತಗಲೋ ಹಾಗೆ ಎತ್ತಲಾ ಅಂದದ್ದು. ಲಾಯರ್‌ಗೆ ನಾಲ್ಕು ಕೈ. ಮೊದಲು ಸುಮ್ಮನೆ ಕೇಳಿದರು. ನಾಲ್ಕು ಕೈಗೆ ಬಂದಾಗ ಮೂಗಿನಿಂದ ಒಂದು ಸದ್ದು ಬಂತು. ಆಮೇಲೆ ನಕ್ಕರು. ಬಾಯಿಯ ಒಂದೇ ಬದಿಯಿಂದ. ಟೀ ಚೆಲ್ಲುವಷ್ಟು.

"ಅವನು ಪುಣ್ಯವಂತ ಕಣೆ," ಅಂದರು ಕಣ್ಣೊರೆಸಿಕೊಂಡು. "ಇನ್ನೂ ಹೇಳು."

ಕಿವಿಗೆ ನೀರು ಬಿಟ್ಟದ್ದು ಹೇಳಿದೆ. ನಗು ನಿಂತಿತು. ಉಸಿರು ಬಿಗಿಹಿಡಿದು ಕೇಳಿದರು, ಬೇರೆ ಯಾರದೋ ಕಥೆ ಕೇಳುವ ಹಾಗೆ. ಗೊತ್ತಿತ್ತು ಅನ್ನೋದು ಗೊತ್ತಿರಲಿಲ್ಲ ಅಂದದ್ದು ಹೇಳಿದಾಗ ತೋಳಿನ ರೋಮ ಎದ್ದದ್ದು ನಾನೇ ನೋಡಿದೆ. ಎಡತೋಳಿನದೂ. ಅಲ್ಲಾಡದ ಆ ತೋಳಿನ ಮೇಲೆ ರೋಮ ಒಂದೊಂದೂ ನಿಂತಿತ್ತು.

"ಇದೊಂದೂ ನೆನಪಿಲ್ಲ ನನಗೆ," ಅಂದರು. "ಅಷ್ಟು ದೂರ ಹೋಗಿದ್ನಾ ನಾನು?"

"ದೂರ ಅಲ್ಲ. ಅಲ್ಲೇ ಇದ್ರಿ."

 ದೇವರೇ, ಎಂಥದ್ದನ್ನು ದಾಟಿ ಬಂದಿದ್ದೇವೆ ಅನ್ನಿಸಿತು.

"ಇನ್ನೇನಂದೆ?"

"ನನಗೆ ಶಭಾಷ್ ಅಂದ್ರಿ."

  ಕಿವಿಯ ತುದಿ ಕೆಂಪಾಯಿತು. ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು, ಹರಿದ ಗಂಟಲಿನಲ್ಲಿ —

"ನಾನಾ? ನಿನಗಾ? ಸುಳ್ಳು. ಹಾಗೆಲ್ಲ ಅಂದಿರೋಕೆ ಚಾನ್ಸೇ ಇಲ್ಲ."

ಈ ಮುಖದ ಸುಳ್ಳುಗಳೆಲ್ಲ ನನಗೆ ಗೊತ್ತು. ಇಷ್ಟು ಅಚ್ಚುಕಟ್ಟಾದ, ಆರೋಗ್ಯವಂತ ಸುಳ್ಳನ್ನು ಕೇಳಿ ಎಷ್ಟು ಕಾಲವಾಗಿತ್ತು! ಕೂತಲ್ಲೇ ನಾನು —

ಕರೆಯುತ್ತಿದ್ದಾರೆ. ಟೀ ಆರಿಹೋಯಿತಂತೆ, ಬಿಸಿ ಮಾಡಬೇಕಂತೆ. ಎರಡು ನಿಮಿಷ ಅಂದೆ. ಇಲ್ಲ, ಈಗಲೇ ಅಂತೆ. ಆ ಗಂಟಲು ವಾಪಸ್ ಬಂದಿದೆ. ಏಳುತ್ತೇನೆ.